ಗೀರು ಯಾರದು?

ಬೆಳಿಗ್ಗೆ ಒಂಬತ್ತು ಗಂಟೆಗೆ ಸರ್ವಿಸ್‌ಗೆ ಬಿಟ್ಟ ಬಿಳಿ ಕಾರನ್ನು ಒಯ್ಯಲು ಮಾಲೀಕರು ಸಂಜೆ ಗ್ಯಾರೇಜಿಗೆ ಬರುತ್ತಾರೆ. ತೊಳೆದು ಒರೆಸಿದ ಕಾರು ಥಳಥಳ ಹೊಳೆಯುತ್ತಿದೆ. ಅವರು ಅದರ ಸುತ್ತ ಒಂದು ಸುತ್ತು ಹಾಕಿ, ಎಡಗಡೆಯ ಹಿಂದಿನ ಬಾಗಿಲ ಬಳಿ ನಿಲ್ಲುತ್ತಾರೆ. ಅಲ್ಲಿ ಗೇಣುದ್ದದ ಒಂದು ಗೀರು.

"ಏನ್ರೀ ಇದು? ಬೆಳಿಗ್ಗೆ ಇರಲಿಲ್ಲ!"

"ನಮ್ಮ ಗ್ಯಾರೇಜಲ್ಲಿ ಆಗಿರೋದಲ್ಲ ಸಾರ್. ಮೊದಲೇ ಇತ್ತು."

"ಮೊದಲೇ ಇದ್ದಿದ್ದರೆ ನನಗೆ ಗೊತ್ತಾಗ್ತಿರಲಿಲ್ವಾ? ದಿನಾ ಓಡಿಸೋನು ನಾನು!"

ಮಾತಿಗೆ ಮಾತು ಬೆಳೆಯುತ್ತದೆ. ಮೇಸ್ತ್ರಿಯ ಕಣ್ಣು ಕಾರು ತೊಳೆದ ಹುಡುಗನ ಮೇಲೆ ಬೀಳುತ್ತದೆ. ಐಟಿಐ ಮುಗಿಸಿ, ಕೆಲಸ ಕಲಿಯಲು ಬಂದು ಮೂರು ತಿಂಗಳಾಗಿರುವ ಹುಡುಗ ಅವನು. "ನಾನಲ್ಲ ಅಣ್ಣಾ" ಎನ್ನುವ ಮಾತನ್ನು ಬಿಟ್ಟರೆ ಅವನ ಬಳಿ ಬೇರೆ ಸಾಕ್ಷಿ ಇಲ್ಲ. ಬಾಗಿಲಿಗೆ ಹೊಸದಾಗಿ ಬಣ್ಣ ಹೊಡೆಸುವ ಖರ್ಚನ್ನು ಅವನ ಸಂಬಳದಲ್ಲಿ ಹಿಡಿದರೆ ಆ ತಿಂಗಳು ಮನೆಗೆ ಕಳುಹಿಸಲು ಏನೂ ಉಳಿಯುವುದಿಲ್ಲ.

ಯಾವ ಊರಿನ ಗ್ಯಾರೇಜಿನಲ್ಲಾದರೂ ನಡೆಯಬಹುದಾದ ಸಂಗತಿ ಇದು. ಇಲ್ಲಿ ಮೂವರೂ ಸತ್ಯವನ್ನೇ ಹೇಳುತ್ತಿರಬಹುದು. ಆದರೂ ಜಗಳ ತಪ್ಪುವುದಿಲ್ಲ. ಏಕೆ? ಇದಕ್ಕೆ ಉತ್ತರ ಭೌತಶಾಸ್ತ್ರದಲ್ಲಿ ಸ್ವಲ್ಪ, ಮನಶ್ಶಾಸ್ತ್ರದಲ್ಲಿ ಸ್ವಲ್ಪ ಇದೆ. ಜಗಳವನ್ನು ತಪ್ಪಿಸುವ ಉಪಾಯವಂತೂ ಪ್ರತಿಯೊಬ್ಬ ಹೈಸ್ಕೂಲು ವಿದ್ಯಾರ್ಥಿಯ ಪ್ರಯೋಗದ ದಾಖಲೆ ಪುಸ್ತಕದಲ್ಲೇ ಇದೆ.

ನೀರು ಮುಚ್ಚಿಡುವ ಗೀರು

ಕಾರಿನ ಮೇಲೆ ಒಂದೇ ಪದರ ಬಣ್ಣವಿರುವುದಿಲ್ಲ. ಉಕ್ಕಿನ ತಗಡಿಗೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಪದರ. ಇಷ್ಟೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರೊಮೀಟರ್, ಅಂದರೆ ಸುಮಾರು ಎರಡು ತಲೆಗೂದಲನ್ನು ಒಂದರ ಮೇಲೊಂದು ಇಟ್ಟಷ್ಟು.

ಮೇಲಿನ ಪಾರದರ್ಶಕ ಪದರಕ್ಕೆ ಮಾತ್ರ ಗೀರು ಬಿದ್ದರೆ ಅದು ಬೆಳ್ಳಗೆ ಕಾಣುತ್ತದೆ. ಗೀರಿನ ಒರಟು ಅಂಚುಗಳಿಗೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದರುವುದೇ ಇದಕ್ಕೆ ಕಾರಣ. ಈಗ ಅದರ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಗೀರು ಮಾಯ! ನೀರು ಒಣಗಿದೊಡನೆ ಮತ್ತೆ ಪ್ರತ್ಯಕ್ಷ! ಗಾಳಿಯ ವಕ್ರೀಭವನ ಸೂಚ್ಯಂಕ ಸುಮಾರು 1, ನೀರಿನದು 1.33, ಪಾರದರ್ಶಕ ಪದರದ್ದು ಸುಮಾರು 1.5. ಗೀರಿನೊಳಗೆ ಗಾಳಿಯ ಬದಲು ನೀರು ತುಂಬಿದಾಗ ಎರಡು ಮಾಧ್ಯಮಗಳ ನಡುವಿನ ಅಂತರ ತಗ್ಗುತ್ತದೆ, ಬೆಳಕು ಚದರುವುದೂ ಕಡಿಮೆಯಾಗುತ್ತದೆ. ಗೀಚಿದ ಗಾಜಿನ ಮೇಲೆ ಹಾಗೂ ಹಳೆಯ ಕನ್ನಡಕದ ಮೇಲೆ ಇದನ್ನು ಪರೀಕ್ಷಿಸಿ ನೋಡಬಹುದು.

ಧೂಳಿನದು ಇನ್ನೊಂದು ಬಗೆಯ ಮುಸುಕು. ಹದಿನೈದು ದಿನ ತೊಳೆಯದ ಕಾರಿನ ಮೇಲೆ ಗೀರುಗಳು ಧೂಳಿನಡಿ ಅಡಗಿ ಕುಳಿತಿರುತ್ತವೆ. ಗ್ಯಾರೇಜಿನಲ್ಲಿ ವಾಟರ್ ವಾಶ್ ಆಗಿ ಒಣಗಿದ ಮೇಲೆ ಅವು ಮೊದಲ ಬಾರಿಗೆ ಮುಖ ತೋರಿಸುತ್ತವೆ. ಮಾಲೀಕರು ಅವನ್ನು ಮೊದಲು ನೋಡುವುದು ಗ್ಯಾರೇಜಿನಲ್ಲೇ. "ಬೆಳಿಗ್ಗೆ ಇರಲಿಲ್ಲ" ಎಂದು ಅವರು ಹೇಳಿದರೆ ಅದು ಸುಳ್ಳಲ್ಲ, ಬೆಳಿಗ್ಗೆ ಅವರಿಗೆ ಅದು ಕಂಡಿರಲಿಲ್ಲ, ಅಷ್ಟೆ. ಇಲ್ಲದಿರುವುದೂ ಕಾಣದಿರುವುದೂ ಬೇರೆ ಬೇರೆ ಎಂಬುದು ವಿಜ್ಞಾನದ ಮೊದಲ ಪಾಠಗಳಲ್ಲೊಂದು.

ಇದರಿಂದ ಗ್ಯಾರೇಜಿನವರು ಕಲಿಯಬೇಕಾದುದು ಇಷ್ಟು. ವಾಹನ ಒದ್ದೆಯಾಗಿದ್ದಾಗ ಅದರ ಮೈ ಪರೀಕ್ಷಿಸಿ ಪ್ರಯೋಜನವಿಲ್ಲ. ಮಳೆಯಲ್ಲಿ ಬಂದ ಕಾರನ್ನು ಒರೆಸಿಯೇ ನೋಡಬೇಕು. ಧೂಳು ದಪ್ಪವಾಗಿ ಕೂತಿದ್ದರೆ "ಧೂಳಿನಿಂದ ಮೈ ಪೂರ್ತಿ ಕಾಣಲಿಲ್ಲ, ತೊಳೆದ ಮೇಲೆ ಇನ್ನೊಮ್ಮೆ ನೋಡಲಾಗುವುದು" ಎಂದು ಬರೆದು, ಮಾಲೀಕರಿಗೂ ಹೇಳಿಬಿಡಬೇಕು. ತೊಳೆದು ಒಣಗಿದ ಕೂಡಲೇ, ಸ್ಪ್ಯಾನರ್ ಹಿಡಿಯುವ ಮುನ್ನ, ಕಂಡದ್ದನ್ನು ಅವರಿಗೆ ತಿಳಿಸಬೇಕು.

ನೆನಪನ್ನು ನಂಬಬಹುದೇ?

"ದಿನಾ ಓಡಿಸೋನು ನಾನು" ಎಂಬ ಮಾತಿಗೆ ಬರೋಣ. ದಿನಾ ನೋಡುವ ವಸ್ತು ನಮಗೆ ಚೆನ್ನಾಗಿ ನೆನಪಿರುತ್ತದೆ ಎಂದು ಎಲ್ಲರೂ ನಂಬಿರುತ್ತೇವೆ. ಮನಶ್ಶಾಸ್ತ್ರಜ್ಞರು ಇದನ್ನು ಅಷ್ಟಾಗಿ ಒಪ್ಪುವುದಿಲ್ಲ.

ಅಮೆರಿಕದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ಚಿಕ್ಕ ಚಿತ್ರ ತೋರಿಸಿದರು. ಬಳಿಕ 50 ಜನರನ್ನು "ಕಾರುಗಳು ಪರಸ್ಪರ ಅಪ್ಪಳಿಸಿದಾಗ ವೇಗ ಎಷ್ಟಿತ್ತು?" ಎಂದು ಕೇಳಿದರು. ಇನ್ನು 50 ಜನರಿಗೆ 'ಅಪ್ಪಳಿಸಿದಾಗ' ಎಂಬುದರ ಬದಲು 'ತಗುಲಿದಾಗ' ಎಂಬಂಥ ಮೆದು ಮಾತು. ಉಳಿದ 50 ಜನರನ್ನು ವೇಗದ ಬಗ್ಗೆ ಕೇಳಲೇ ಇಲ್ಲ. ಒಂದು ವಾರ ಕಳೆದು ಎಲ್ಲರಿಗೂ ಒಂದೇ ಪ್ರಶ್ನೆ: "ಚಿತ್ರದಲ್ಲಿ ಒಡೆದ ಗಾಜು ನೋಡಿದಿರಾ?" ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ 'ಅಪ್ಪಳಿಸಿದಾಗ' ಎಂಬ ಮಾತು ಕೇಳಿದವರಲ್ಲಿ 16 ಮಂದಿ "ನೋಡಿದೆವು" ಎಂದರು. ಉಳಿದ ಎರಡು ಗುಂಪುಗಳಲ್ಲಿ ಹಾಗೆಂದವರು 7 ಮತ್ತು 6 ಮಂದಿ.

ಒಂದು ಪದ ಬದಲಾದರೆ ನೆನಪೇ ಬದಲಾಗುತ್ತದೆ! ಅವರಾರೂ ಸುಳ್ಳುಗಾರರಲ್ಲ. ಇಲ್ಲದ ಗಾಜನ್ನು ಅವರು ಪ್ರಾಮಾಣಿಕವಾಗಿಯೇ ನೆನಪಿಸಿಕೊಂಡರು. ಕಾರಿನ ಮಾಲೀಕರ ನೆನಪೂ ಮೇಸ್ತ್ರಿಯ ನೆನಪೂ ಇದೇ ಜಾತಿಯವು. ಎರಡು ಪ್ರಾಮಾಣಿಕ ನೆನಪುಗಳು ಎದುರುಬದುರು ನಿಂತಾಗ ಗೆಲ್ಲುವುದು ಸತ್ಯವಲ್ಲ, ದೊಡ್ಡ ದನಿ. ಸೋಲುವವನು ಸಾಮಾನ್ಯವಾಗಿ ಎಲ್ಲರಿಗಿಂತ ಚಿಕ್ಕವನು.

ಮೊದಲ ಅಳತೆ

ಪ್ರಯೋಗಶಾಲೆಯಲ್ಲಿ ನೀರನ್ನು ಕಾಯಿಸುವ ಮೊದಲು ಅದರ ತಾಪವನ್ನು ಬರೆದುಕೊಳ್ಳುತ್ತೇವೆ. ಬ್ಯೂರೆಟ್ಟಿನ ಮೊದಲ ಅಳತೆ ಬರೆಯದೆ ಕೊನೆಯ ಅಳತೆ ಮಾತ್ರ ಬರೆದ ಹುಡುಗನಿಗೆ ಅಂಕ ಬರುವುದಿಲ್ಲ. 'ಎಷ್ಟು ಬದಲಾಯಿತು' ಎಂದು ಹೇಳಲು 'ಮೊದಲು ಎಷ್ಟಿತ್ತು' ಎಂಬುದು ಗೊತ್ತಿರಬೇಕು. ಗ್ಯಾರೇಜಿನಲ್ಲಿ ಈ ಮೊದಲ ಅಳತೆಗೆ ಇರುವ ಹೆಸರೇ ಜಾಬ್ ಕಾರ್ಡ್.

ದೊಡ್ಡ ಕಂಪನಿಗಳ ಸರ್ವಿಸ್ ಸೆಂಟರುಗಳಲ್ಲಿ ಅಚ್ಚು ಹಾಕಿದ ಜಾಬ್ ಕಾರ್ಡ್ ಇರುತ್ತದೆ. ಕಾರಿನ ರೇಖಾಚಿತ್ರದ ಮೇಲೆ ಗೀರು, ನೆಗ್ಗುಗಳನ್ನು ಗುರುತು ಹಾಕುತ್ತಾರೆ. ಸಣ್ಣ ಗ್ಯಾರೇಜಿಗೆ ಅಚ್ಚಿನ ಕಾರ್ಡೇ ಬೇಕೆಂದಿಲ್ಲ. ನಡುವೆ ಕಾರ್ಬನ್ ಕಾಗದ ಇಟ್ಟ ಎರಡು ಪ್ರತಿಯ ಪುಸ್ತಕವೂ ಸಾಕು. ಅದರಲ್ಲಿ ಇರಬೇಕಾದುವು ಇವು: ವಾಹನದ ನಂಬರು, ದಿನಾಂಕ, ಗಂಟೆ, ಓಡಿರುವ ಕಿಲೋಮೀಟರು, ಪೆಟ್ರೋಲಿನ ಮಟ್ಟ, ಉರಿಯುತ್ತಿರುವ ಎಚ್ಚರಿಕೆ ದೀಪಗಳು, ಮೈಮೇಲಿನ ಗೀರು ಮತ್ತು ನೆಗ್ಗು, ಟಯರುಗಳ ಸ್ಥಿತಿ, ವಾಹನದೊಳಗೆ ಬಿಟ್ಟಿರುವ ವಸ್ತುಗಳು, ಮಾಲೀಕರು ಹೇಳಿದ ದೂರು ಅವರದೇ ಮಾತಿನಲ್ಲಿ. ಕೊನೆಗೆ ಇಬ್ಬರ ಸಹಿ. ಒಂದು ಪ್ರತಿ ಮಾಲೀಕರಿಗೆ.

ಕೆಲವನ್ನು ಅಳೆದೇ ಬರೆಯಬಹುದು. ಕಾರಿನ 12 ವೋಲ್ಟಿನ ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿದ್ದಾಗ ಮಲ್ಟಿಮೀಟರ್ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ರ ಆಸುಪಾಸಿಗೆ ಇಳಿದಿದ್ದರೆ ಬ್ಯಾಟರಿ ಬಹುಪಾಲು ಖಾಲಿ. ಬೆಳಿಗ್ಗೆಯೇ 12.0 ಎಂದು ಬರೆದಿದ್ದರೆ "ನಿಮ್ಮಲ್ಲಿಗೆ ಬಂದ ಮೇಲೆ ಬ್ಯಾಟರಿ ಸತ್ತಿತು" ಎಂಬ ಮಾತು ಹುಟ್ಟುವುದಿಲ್ಲ. ಕಾರಿನ ಟಯರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂಬುದು ನಿಯಮ. ಆ ಆಳವನ್ನೂ ಅಳೆದು ಬರೆಯಬಹುದು. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವೂ ಇದೆ. ಒಂದು ಬಾಗಿಲಿನಲ್ಲಿ ಮಾತ್ರ ದಪ್ಪ ಉಳಿದೆಡೆಗಿಂತ ಹಲವು ಪಟ್ಟು ಬಂದರೆ ಅಲ್ಲಿ ಹಿಂದೊಮ್ಮೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುವುದು ತಿಳಿಯುತ್ತದೆ.

ಇಂದು ಎಲ್ಲರ ಜೇಬಿನಲ್ಲೂ ಮೊಬೈಲ್ ಕ್ಯಾಮೆರಾ ಇದೆ. ನಾಲ್ಕು ಮೂಲೆಗಳಿಂದ ನಾಲ್ಕು ಚಿತ್ರ, ಕಿಲೋಮೀಟರ್ ಕಾಣುವಂತೆ ಡ್ಯಾಶ್‌ಬೋರ್ಡಿನದೊಂದು, ಕಂಡ ಗೀರುಗಳದು ಹತ್ತಿರದಿಂದ ಒಂದೊಂದು. ಇಷ್ಟಕ್ಕೆ ಎರಡು ನಿಮಿಷ ಸಾಕು. ನೆಗ್ಗು ಕಾಣಬೇಕಾದರೆ ಬೆಳಕು ನೇರವಾಗಿ ಬೀಳದೆ ಓರೆಯಾಗಿ ಬೀಳಬೇಕು. ತೆಗೆದ ಚಿತ್ರಗಳನ್ನು ಅಲ್ಲೇ, ಮಾಲೀಕರು ಹೊರಡುವ ಮುನ್ನವೇ, ಅವರ ವಾಟ್ಸ್‌ಆ್ಯಪ್‌ಗೆ ಕಳುಹಿಸಬೇಕು. ಆಗ ದಾಖಲೆ ಒಬ್ಬರ ಕೈಯಲ್ಲಿ ಉಳಿಯದೆ ಇಬ್ಬರದೂ ಆಗುತ್ತದೆ.

ಕಾಗೆ ಕೂತಿದ್ದಕ್ಕೇ ಕೊಂಬೆ ಮುರಿಯಿತೇ?

ಗೀರಿನ ಜಗಳ ಕಣ್ಣಿಗೆ ಕಾಣುವಂಥದು. "ನಿಮ್ಮಲ್ಲಿ ಬಿಟ್ಟ ಮೇಲೇ ಹೀಗಾಯ್ತು" ಎಂಬುದು ಕಾಣದ ಭಾಗಗಳ ಜಗಳ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣ ಎನ್ನಲಾಗದು. ಆದರೆ ಕೆಲವೊಮ್ಮೆ ಕಾಗೆಯ ಭಾರಕ್ಕೇ ಕೊಂಬೆ ಮುರಿಯುವುದೂ ಉಂಟು, ಕೊಂಬೆ ಮೊದಲೇ ಪೊಳ್ಳಾಗಿದ್ದರೆ!

ಹಳೆಯ ರೇಡಿಯೇಟರ್ ಇದಕ್ಕೆ ಒಳ್ಳೆಯ ಉದಾಹರಣೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದರೆ ಅದರ ಕೊಳವೆಗಳಲ್ಲಿ ಗಡಸು ನೀರಿನ ಪಾಚು ಕಟ್ಟುತ್ತದೆ. ಅಡುಗೆ ಮನೆಯ ಪಾತ್ರೆಗಳಲ್ಲಿ ಕಟ್ಟುವ ಬಿಳಿ ಪೊರೆಯಂಥದೇ ಇದು. ಕೊಳವೆ ಸವೆದು ಸೂಜಿಮೊನೆಯಷ್ಟು ತೂತಾಗಿದ್ದರೂ ಆ ಪಾಚು ಅದನ್ನು ಮುಚ್ಚಿಕೊಂಡಿರುತ್ತದೆ. ಗ್ಯಾರೇಜಿನಲ್ಲಿ ರೇಡಿಯೇಟರ್ ಶುದ್ಧ ಮಾಡಿದಾಗ ಪಾಚು ಕರಗುತ್ತದೆ, ತೂತು ತೆರೆಯುತ್ತದೆ, ನೀರು ಸೋರುತ್ತದೆ. ತೂತು ಮಾಡಿದವರು ಗ್ಯಾರೇಜಿನವರೇ? ಅಲ್ಲ. ಅವರು ಶುದ್ಧ ಮಾಡದಿದ್ದರೆ ಇಂದು ಸೋರುತ್ತಿತ್ತೇ? ಅದೂ ಇಲ್ಲ.

ತುಕ್ಕು ಹಿಡಿದ ಬೋಲ್ಟಿನ ಕಥೆಯೂ ಇದೇ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ನಟ್ಟಿನೊಳಗೆ ಹೆಚ್ಚಿನ ಜಾಗ ಎಲ್ಲಿಂದ ಬರಬೇಕು? ಬೋಲ್ಟು ಬಿಗಿದು ಕೂರುತ್ತದೆ. ಸವೆದು ತೆಳುವಾಗಿದ್ದರೆ ತಿರುಗಿಸುವಾಗ ಕತ್ತರಿಸಿಯೇ ಹೋಗುತ್ತದೆ.

ಇಂಥ ಕೆಲಸಕ್ಕೆ ಕೈ ಹಾಕುವ ಮುನ್ನವೇ "ಇದು ಮುರಿಯಬಹುದು, ಸೋರಬಹುದು, ಆಗ ಇಷ್ಟು ಖರ್ಚಾದೀತು, ಮಾಡಲೇ?" ಎಂದು ಕೇಳಿ, ಒಪ್ಪಿಗೆಯನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಮೊದಲು ಹೇಳಿದರೆ ಅದು ಎಚ್ಚರಿಕೆ. ಆಮೇಲೆ ಹೇಳಿದರೆ ಅದೇ ಮಾತು ನೆಪವಾಗಿ ಕೇಳಿಸುತ್ತದೆ.

ಕಾನೂನು ಏನು ಹೇಳುತ್ತದೆ?

ವಾಹನವನ್ನು ಗ್ಯಾರೇಜಿನಲ್ಲಿ ಬಿಟ್ಟು ಬೀಗದ ಕೈ ಕೊಟ್ಟೊಡನೆ ಅಲ್ಲೊಂದು ಕಾನೂನಿನ ಸಂಬಂಧ ಹುಟ್ಟುತ್ತದೆ. 1872ರ ಭಾರತೀಯ ಕರಾರು ಕಾಯ್ದೆ ಇದನ್ನು 'ಬೇಲ್‌ಮೆಂಟ್' ಎನ್ನುತ್ತದೆ. ಒಂದು ಉದ್ದೇಶಕ್ಕಾಗಿ ವಸ್ತುವನ್ನು ಒಪ್ಪಿಸುವುದು, ಉದ್ದೇಶ ಮುಗಿದ ಮೇಲೆ ಹಿಂತಿರುಗಿ ಪಡೆಯುವುದು ಎಂದು ಇದರ ಅರ್ಥ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು ಎನ್ನುತ್ತದೆ 151ನೆಯ ಕಲಮು. ಅಷ್ಟು ಜೋಪಾನ ಮಾಡಿಯೂ ಹಾನಿಯಾದರೆ, ಬೇರೆ ವಿಶೇಷ ಕರಾರು ಇಲ್ಲದಿದ್ದಲ್ಲಿ, ಅವನು ಹೊಣೆಯಲ್ಲ ಎನ್ನುತ್ತದೆ 152ನೆಯ ಕಲಮು. ಮಾಡಿದ ಕೆಲಸದ ಮಜೂರಿ ಬರುವ ತನಕ ವಸ್ತುವನ್ನು ಉಳಿಸಿಕೊಳ್ಳುವ ಹಕ್ಕನ್ನು 170ನೆಯ ಕಲಮು ಕೊಡುತ್ತದೆ.

ಹಾಗಾದರೆ ಗೋಡೆಯ ಮೇಲೆ 'ವಾಹನಗಳಿಗೆ ಮಾಲೀಕರೇ ಜವಾಬ್ದಾರರು' ಎಂದು ಬೋರ್ಡು ಹಾಕಿದರೆ ಸಾಕಲ್ಲವೇ? ಸಾಲದು. 1998ರ ಆಗಸ್ಟ್‌ನಲ್ಲಿ ದೆಹಲಿಯ ಒಂದು ದೊಡ್ಡ ಹೋಟೆಲಿನಲ್ಲಿ ಅತಿಥಿಯೊಬ್ಬರು ತಮ್ಮ ಮಾರುತಿ ಜೆನ್ ಕಾರನ್ನು ನಿಲ್ಲಿಸಲೆಂದು ಅಲ್ಲಿನ ನೌಕರನ ಕೈಗೆ ಬೀಗದ ಕೈ ಕೊಟ್ಟರು. ಕಾರು ಕಳುವಾಯಿತು. ಕೊಟ್ಟ ಚೀಟಿಯಲ್ಲಿ 'ಮಾಲೀಕರ ಹೊಣೆ' ಎಂದು ಅಚ್ಚಾಗಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2019ರ ನವೆಂಬರ್ 14ರಂದು ತೀರ್ಪು ಬಂತು. ತೀರ್ಪು ನೀಡಿದ ಪೀಠದಲ್ಲಿ ಕರ್ನಾಟಕದವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಅವರಿದ್ದರು. ತನ್ನ ಅಥವಾ ತನ್ನ ನೌಕರರ ಅಲಕ್ಷ್ಯವನ್ನು ಅಂಥ ಚೀಟಿಯ ಹಿಂದೆ ಅಡಗಿಸಲಾಗದು, ಜೋಪಾನ ಮಾಡಿದ್ದೇವೆಂದು ಮೊದಲು ತೋರಿಸಬೇಕಾದವರು ವಾಹನ ಪಡೆದವರೇ ಎಂದು ನ್ಯಾಯಾಲಯ ಹೇಳಿತು. ಅದು ಹೋಟೆಲಿನ ಪ್ರಕರಣವಾದರೂ ಬೇಲ್‌ಮೆಂಟಿನ ತತ್ವ ಗ್ಯಾರೇಜಿಗೂ ಅದೇ. ಬೋರ್ಡು ಕಾಪಾಡುವುದಿಲ್ಲ, ಜೋಪಾನ ಮತ್ತು ಅದರ ದಾಖಲೆ ಕಾಪಾಡುತ್ತವೆ.

ಗ್ರಾಹಕರಿಗೆ ಗ್ರಾಹಕ ರಕ್ಷಣಾ ಕಾಯ್ದೆಯ ಬಾಗಿಲೂ ತೆರೆದಿದೆ. 2019ರ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಆದುದರಿಂದ ಜಾಬ್ ಕಾರ್ಡಿನ ಪ್ರತಿಯನ್ನು ತಿಂಗಳ ಕೊನೆಗೆ ರದ್ದಿಗೆ ಹಾಕದೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟಿರುವುದು ಒಳ್ಳೆಯದು. ಬೆಂಕಿ, ಕಳವು, ಟ್ರಯಲ್ ನೋಡುವಾಗಿನ ಅಪಘಾತ ಇಂಥವುಗಳಿಗೆ ಗ್ಯಾರೇಜಿನವರಿಗಾಗಿಯೇ 'ಮೋಟಾರ್ ಟ್ರೇಡ್' ಎಂಬ ವಿಮೆಗಳಿವೆ. ಯಾವುದಕ್ಕೆ ಅನ್ವಯ, ಯಾವುದಕ್ಕೆ ಇಲ್ಲ ಎಂಬುದನ್ನು ಪಾಲಿಸಿ ಓದಿಯೇ ತಿಳಿಯಬೇಕು.

ತಂದೆ ತಾಯಂದಿರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಗ್ಯಾರೇಜಿನ ಹುಡುಗರಿಗೆ "ಒಂದು ರೌಂಡ್ ಹೊಡೆದು ನೋಡಿಕೊಂಡು ಬಾ" ಎಂದು ಬೈಕು ಕೊಡುವುದು ರೂಢಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಹದಿನೆಂಟು ತುಂಬದವನು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ವಾಹನದ ಮಾಲೀಕರು ಹೊಣೆಯಾಗುತ್ತಾರೆ. ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು. ಲೈಸೆನ್ಸ್ ಇದ್ದವರು ಮಾತ್ರ ಟ್ರಯಲ್ ನೋಡಬೇಕು. ಯಾರು ನೋಡಿದರು, ಎಷ್ಟು ಕಿಲೋಮೀಟರ್ ಓಡಿಸಿದರು ಎಂಬುದೂ ಕಾರ್ಡಿನಲ್ಲಿರಬೇಕು.

ತಪ್ಪು ಗ್ಯಾರೇಜಿನದೇ ಆದರೆ?

ದಾಖಲೆ ಎರಡು ಬಾಯಿಯ ಕತ್ತಿ. ಗೀರು ಬೆಳಿಗ್ಗೆ ಇರಲಿಲ್ಲ ಎಂದು ಚಿತ್ರವೇ ಹೇಳಿದರೆ ಗ್ಯಾರೇಜಿನವರು ಒಪ್ಪಿಕೊಂಡು ಸರಿಮಾಡಿ ಕೊಡಬೇಕು. ತಪ್ಪಾಗದಂತೆ ನೋಡಿಕೊಳ್ಳುವುದು ಇನ್ನೂ ಅಗ್ಗ.

ಎಂಜಿನ್ ಆಯಿಲ್ ಬದಲಾಯಿಸುವಾಗ ಬಿಚ್ಚುವ ಡ್ರೈನ್ ಬೋಲ್ಟನ್ನೇ ನೋಡಿ. ಬೋಲ್ಟು ಉಕ್ಕಿನದು, ಅದು ಕೂರುವ ಚೇಂಬರ್ ಹಲವು ವಾಹನಗಳಲ್ಲಿ ಮೆದುವಾದ ಅಲ್ಯೂಮಿನಿಯಂನದು. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 150 ನ್ಯೂಟನ್ ಬಲ ಹಾಕಿದರೆ, ಅಂದರೆ ಸುಮಾರು 15 ಕಿಲೋ ಎತ್ತುವಷ್ಟು, ಬೋಲ್ಟಿಗೆ ಸಿಗುವ ತಿರುಚು ಬಲ 30 ನ್ಯೂಟನ್ ಮೀಟರ್. ಅದೇ ಸ್ಪ್ಯಾನರಿಗೆ ಪೈಪು ತೊಡಿಸಿ ಉದ್ದವನ್ನು 60 ಸೆಂಟಿಮೀಟರ್ ಮಾಡಿದರೆ ಅದೇ ಕೈಗೆ 90 ನ್ಯೂಟನ್ ಮೀಟರ್! ಅಲ್ಯೂಮಿನಿಯಂನ ಥ್ರೆಡ್ ಕಿತ್ತು ಬರಲು ಇಂಥ ಉತ್ಸಾಹವೇ ಕಾರಣ. ಕಂಪನಿ ಹೇಳಿದಷ್ಟೇ ಬಿಗಿಯುವ ಟಾರ್ಕ್ ವ್ರೆಂಚ್ ಕೊಂಡರೆ ಸಣ್ಣ ಗ್ಯಾರೇಜಿಗೂ ಅದು ದಂಡವಲ್ಲ. ಬೆಲ್ಟಿನ ಬಕಲ್, ಉಂಗುರ, ಜೇಬಿನ ಸ್ಕ್ರೂಡ್ರೈವರ್ ಇವು ಬಣ್ಣಕ್ಕೆ ಶತ್ರುಗಳು. ಬಾನೆಟ್ ಎತ್ತಿದಾಗ ಪಕ್ಕದ ಮೈಗೆ ಒಂದು ದಪ್ಪ ಬಟ್ಟೆ ಹೊದಿಸಿದರೆ ಎಷ್ಟೋ ಗೀರುಗಳು ಹುಟ್ಟುವುದೇ ಇಲ್ಲ.

ಇನ್ನು ಆ ಹುಡುಗನ ಸಂಬಳ. ನೌಕರನ ಅಲಕ್ಷ್ಯದಿಂದ ಆದ ಹಾನಿಗೆ ಕೂಲಿಯಿಂದ ಹಣ ಹಿಡಿಯುವ ಮುನ್ನ ಅವನ ಸಮಜಾಯಿಷಿ ಕೇಳಬೇಕು, ಆದ ಹಾನಿಗಿಂತ ಹೆಚ್ಚು ಹಿಡಿಯಬಾರದು ಎಂಬ ನಿಯಮ 2019ರ ವೇತನ ಸಂಹಿತೆಯಲ್ಲಿದೆ. ಎದುರಿಗಿದ್ದವನ ಮೇಲೆ ಹೊರಿಸಿಬಿಡುವುದು ಸುಲಭ, ನ್ಯಾಯವಲ್ಲ.

ಆ ಸಂಜೆ ಹುಡುಗ ಗೀರಿನ ಹತ್ತಿರ ಬಗ್ಗಿ ನೋಡಿ, "ಸಾರ್, ಇದರೊಳಗೆ ತುಕ್ಕು ಇದೆ" ಎನ್ನುತ್ತಾನೆ. ನಿಜ, ಗೀರಿನ ಆಳದಲ್ಲಿ ಕಂದು ಗೆರೆ. ಬಣ್ಣದ ಪದರಗಳೆಲ್ಲ ಹರಿದು ಉಕ್ಕು ಬಯಲಾಗಿದೆ. ಆ ಬಗೆಯ ತುಕ್ಕು ಕಟ್ಟಲು ಗಾಳಿ ಮತ್ತು ತೇವಕ್ಕೆ ದಿನಗಳು ಬೇಕು, ಬೆಳಗಿನಿಂದ ಸಂಜೆಯವರೆಗಿನ ಸಮಯ ಸಾಲದು. ಮಾಲೀಕರು ಬಗ್ಗಿ ನೋಡುತ್ತಾರೆ, ಬೆರಳಿನಿಂದ ಸವರುತ್ತಾರೆ. "ಹೌದಲ್ಲ" ಎನ್ನುತ್ತಾರೆ. ಮೇಸ್ತ್ರಿ ಹುಡುಗನ ಕಡೆ ನೋಡದೆ ಬಿಲ್ಲು ಬರೆಯಲು ಹೋಗುತ್ತಾರೆ.

ಹುಡುಗ ಪಾರಾದ. ಆದರೆ ಅವನನ್ನು ಪಾರುಮಾಡಿದ್ದು ಗೀರು ಆಳವಾಗಿದ್ದ ಅದೃಷ್ಟ. ಮೇಲಿನ ಪದರಕ್ಕೆ ಮಾತ್ರ ತಾಗಿದ ಗೀರಾಗಿದ್ದರೆ ಅದರಲ್ಲಿ ತುಕ್ಕು ಹಿಡಿಯುತ್ತಿರಲಿಲ್ಲ, ಅದರ ವಯಸ್ಸನ್ನು ಹೇಳುವವರೂ ಇರುತ್ತಿರಲಿಲ್ಲ. ಒಬ್ಬನ ಸಂಬಳ ಮತ್ತು ಮರ್ಯಾದೆ ಅದೃಷ್ಟದ ಮೇಲೆ ನಿಲ್ಲಬಾರದು. ಬೆಳಿಗ್ಗೆ ಒಂಬತ್ತಕ್ಕೆ ಎರಡು ನಿಮಿಷ ಕೊಟ್ಟಿದ್ದರೆ ಸಂಜೆಯ ಈ ಜಗಳವೇ ಇರುತ್ತಿರಲಿಲ್ಲ.

ಮಾಡಿ ನೋಡಿ

ನಿಮ್ಮ ಮನೆಯ ಸೈಕಲ್, ಸ್ಕೂಟರ್ ಅಥವಾ ಕಾರಿನ ಚಿತ್ರವನ್ನು ಕಾಗದದ ಮೇಲೆ ಬರೆಯಿರಿ. ಹೊರಗೆ ಹೋಗಿ ನೋಡದೆ, ಅದರ ಮೇಲಿರುವ ಗೀರು, ನೆಗ್ಗುಗಳನ್ನು ನೆನಪಿನಿಂದಲೇ ಗುರುತು ಹಾಕಿ. ಅಪ್ಪನಿಗೋ ಅಮ್ಮನಿಗೋ ಇನ್ನೊಂದು ಕಾಗದ ಕೊಟ್ಟು ಅದನ್ನೇ ಮಾಡಿಸಿ. ಆಮೇಲೆ ಎರಡೂ ಕಾಗದ ಹಿಡಿದು ವಾಹನದ ಬಳಿ ಹೋಗಿ ಹೋಲಿಸಿ. ಎಷ್ಟು ಬಿಟ್ಟುಹೋಗಿವೆ? ಇಲ್ಲದ ಗೀರನ್ನು ಯಾರಾದರೂ ಬರೆದಿದ್ದಾರೆಯೇ? ಮುಂದಿನ ಸಲ ವಾಹನವನ್ನು ಸರ್ವಿಸ್‌ಗೆ ಬಿಡುವಾಗ, ಸರಿಪಡಿಸಿದ ಆ ಕಾಗದವನ್ನೇ ಜೊತೆಗೆ ಒಯ್ದು, ಗ್ಯಾರೇಜಿನವರ ಸಹಿ ಹಾಕಿಸಿಕೊಳ್ಳಿ.